ಉಬ್ಬರವೆಂದರೆ ಚಂದ್ರನೊಬ್ಬನೇ ಅಲ್ಲ

ಪ್ರಶ್ನೆ: ಅಯಾನುಗೋಳವೂ (ಬಿಸಿಲಿನಿಂದ ಗಾಳಿಯ ಕಣಗಳು ಒಡೆದು ಅಯಾನು, ಎಲೆಕ್ಟ್ರಾನುಗಳಾಗಿರುವ ಎತ್ತರದ ಪದರ) ಉಬ್ಬರವಿಳಿತಕ್ಕೆ ಒಳಗಾಗುವುದಾದರೆ ಹುಣ್ಣಿಮೆ, ಅಮಾವಾಸ್ಯೆಗಳಿಗೆ ಬದಲಾಗಬೇಕಲ್ಲವೇ? ಋತುವಿಗೊಂದು ರೀತಿ ಇರುವುದೇಕೆ?

ಉತ್ತರ: ಉಬ್ಬರ ಎಂದೊಡನೆ ಎಲ್ಲರೂ ಚಂದ್ರನ ಕಡೆಗೇ ಬೆರಳು ತೋರಿಸುತ್ತಾರೆ, ಈ ಪ್ರಶ್ನೆ ಬರದ ತಿಂಗಳಿಲ್ಲ. ಕಡಲಿನ ಉಬ್ಬರ ಗುರುತ್ವದ್ದು, ವಾಯುಮಂಡಲದ ಉಬ್ಬರ ಮುಖ್ಯವಾಗಿ ಬಿಸಿಲಿನದು. ಕೆಳಗೆ ನೀರಾವಿಯೂ ಅದರ ಮೇಲೆ ಓಝೋನೂ ಹಗಲಿನಲ್ಲಿ ಬಿಸಿಲನ್ನು ಹೀರಿ ಕಾಯುವುದರಿಂದ 24 ಮತ್ತು 12 ಗಂಟೆಗಳ ಅಲೆಗಳು ಹುಟ್ಟುತ್ತವೆ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಅವು ಹಿಗ್ಗುತ್ತಾ ಹೋಗಿ, 100 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಹತ್ತಾರು ಮೀಟರ್ ವೇಗದ ಗಾಳಿಗಳಾಗುತ್ತವೆ. 1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾ ಎಂಬ ಊರಿನಿಂದ ಏರಿದ ಮೊದಲ ರಾಕೆಟ್ ಆಗಸದಲ್ಲಿ ಕಿತ್ತಳೆ ಬಣ್ಣದ ಸೋಡಿಯಂ ಆವಿಯನ್ನು ಚೆಲ್ಲಿದ್ದು ಇಂಥ ಎತ್ತರದ ಗಾಳಿಯನ್ನು ಅಳೆಯುವುದಕ್ಕಾಗಿಯೇ.

ಈ ಗಾಳಿ ಅಯಾನುಗಳನ್ನು ಭೂಕಾಂತಕ್ಷೇತ್ರಕ್ಕೆ ಅಡ್ಡಲಾಗಿ ತಳ್ಳುತ್ತದೆ, ಎಲೆಕ್ಟ್ರಾನುಗಳು ಜೊತೆಗೆ ಸಾಗುವುದಿಲ್ಲ. ಹೀಗೆ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಅದರ ಬಲದಿಂದ ಕಾಂತೀಯ ಸಮಭಾಜಕದ (ಭೂಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆ) ಮೇಲಿನ ಪ್ಲಾಸ್ಮಾ, ಅಂದರೆ ಅಯಾನು-ಎಲೆಕ್ಟ್ರಾನುಗಳ ಬೆರಕೆ, ಹಗಲಿನಲ್ಲಿ ಮೇಲೆದ್ದು, ಎರಡೂ ಬದಿಗೆ ಜಾರಿ, ಸುಮಾರು 15 ಡಿಗ್ರಿ ದೂರದಲ್ಲಿ ದಟ್ಟವಾಗುತ್ತದೆ. ಪ್ಲಾಸ್ಮಾ ಏರುವ ತಾಣದ ಬಳಿ ತುಂಬಾ ಊರು, ಇಳಿಯುವ ತಾಣದ ಬಳಿ ಅಹಮದಾಬಾದ್ ಇದ್ದರೆ, ಕರ್ನಾಟಕ ನಡುವಿನ ಇಳಿಜಾರಿನಲ್ಲಿದೆ.

ಇನ್ನು ಋತುವಿನ ಮಾತು. ಉಷ್ಣವಲಯದ ಗುಡುಗುಮೋಡಗಳಲ್ಲಿ ಆವಿ ಹನಿಯಾಗುವಾಗ ಬಿಡುವ ಶಾಖವೂ ಒಂದು ಅಲೆಯನ್ನು ಎಬ್ಬಿಸುತ್ತದೆ. ಪೂರ್ವಕ್ಕೆ ಸಾಗುವ ಈ ಅಲೆಯ ಗುರುತು ಉಪಗ್ರಹಗಳಿಗೆ ಭೂಮಿಯ ಸುತ್ತ ಪ್ಲಾಸ್ಮಾದ ನಾಲ್ಕು ದಟ್ಟ ಉಬ್ಬುಗಳಾಗಿ ಕಂಡಿದೆ. ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ ಬಲವಾಗಿರುವ ಅಲೆ ಡಿಸೆಂಬರಿನ ಹೊತ್ತಿಗೆ ಸೊರಗುತ್ತದೆ, ಉಬ್ಬುಗಳೂ ಮಸುಕಾಗುತ್ತವೆ. ಹಾಗೆಂದು ಎಲ್ಲವನ್ನೂ ಉಬ್ಬರದ ತಲೆಗೆ ಕಟ್ಟಬೇಡಿ: ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಅಯಾನುಗೋಳ ದಟ್ಟವಾಗುವುದರಲ್ಲಿ ಮೇಲಿನ ಗಾಳಿಯಲ್ಲಿರುವ ಆಮ್ಲಜನಕ ಪರಮಾಣು ಮತ್ತು ಸಾರಜನಕದ ಪ್ರಮಾಣಕ್ಕೆ ದೊಡ್ಡ ಪಾಲಿದೆ.

ಚಂದ್ರನ ಉಬ್ಬರವೂ ಉಂಟು, ಸಾಮಾನ್ಯವಾಗಿ ಚಿಕ್ಕದು. 2009ರ ಜನವರಿಯಲ್ಲಿ ಉತ್ತರ ಧ್ರುವದ ವಾಯುಸ್ತರ ಹಠಾತ್ತನೆ ಕಾದಾಗ ಅದು ಹಿಗ್ಗಿ, ಪೆರುವಿನಲ್ಲಿ ಪ್ಲಾಸ್ಮಾ ಬೆಳಿಗ್ಗೆ ವಾಡಿಕೆಗಿಂತ ಹೆಚ್ಚು ಏರಿ ಮಧ್ಯಾಹ್ನ ಇಳಿಯಿತು.

ಪ್ರಶ್ನೆ: ಹುಣ್ಣಿಮೆಯ ಅಯಾನು ಕಂಪನದಿಂದ ತಾಮ್ರದ ಪದಕ ಕಾಪಾಡುವುದೇ?

ಉತ್ತರ: ಅದು ಕಾಪಾಡುವುದು ಮಾರುವವನ ಹೊಟ್ಟೆಯನ್ನು.

ಪ್ರಶ್ನೆ: ಅಯಾನುಗೋಳ ನೋಡಿ ಭೂಕಂಪದ ದಿನ ಹೇಳುವವರನ್ನು ನಂಬಬಹುದೇ?

ಉತ್ತರ: ಬೇಡ.

ಪ್ರಶ್ನೆ: ಮೊಬೈಲಿನ ಜಿಪಿಎಸ್ ನನ್ನನ್ನು ಬೇರೆ ಊರಿಗೆ ಕರೆದೊಯ್ದಿತು. ಅಯಾನುಗೋಳ ಕಾರಣವೇ?

ಉತ್ತರ: ಅಯಾನುಗೋಳದಿಂದಾಗುವ ತಪ್ಪು ಮೀಟರುಗಳ ಲೆಕ್ಕದ್ದು. ಊರೇ ಬೇರೆಯಾದರೆ ನಕ್ಷೆಯನ್ನು ಬೈಯಿರಿ.