ನಿಮ್ಮ ಬರಹ ಎಲ್ಲೂ ಹೋಗಿಲ್ಲ ಮೇಡಂ

ನಮಸ್ಕಾರ ಮೇಡಂ. ಹಳೇ ಕಂಪ್ಯೂಟರ್ ಕೆಟ್ಟು, ಕನ್ನಡ ಬರೆಯುವ ತಂತ್ರಾಂಶ 'ನುಡಿ'ಯಲ್ಲಿ ಬರೆದ ಹನ್ನೆರಡು ವರ್ಷದ ಕಡತಗಳನ್ನು ಹೊಸದರಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕೆ, ಗೀಟು. ಎಲ್ಲ ಹೋಯಿತಾ ಅಂತ ಕೇಳಿದ್ದೀರಿ. ಹೋಗಿಲ್ಲ. ದಯವಿಟ್ಟು ಏನನ್ನೂ ಅಳಿಸಬೇಡಿ.

ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷೇ ಕಾಣುತ್ತದೆ, ಅಷ್ಟೆ. ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ನುಡಿ ಹಾಕಿಕೊಂಡು, ಪಠ್ಯವನ್ನೆಲ್ಲ ಆಯ್ದು 'ನುಡಿ 01 ಇ' ಫಾಂಟ್ ಕೊಟ್ಟು ನೋಡಿ. ಕನ್ನಡ ಕಂಡ ಮೇಲೆ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಪರಿವರ್ತಿಸಿ. ಆಗ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. 'ಸೂರ್ಯ', 'ಧರ್ಮ' ಕೆಲವೊಮ್ಮೆ ಅಲ್ಲೇ ಕೆಡುತ್ತವೆ.

ಬರೆದು ಇಂಟರ್ನೆಟ್ಟಿನಲ್ಲಿ ಹಾಕಿದರೆ ಯಾರೂ ಮಾತಾಡುವುದಿಲ್ಲ, ಒಂಟಿ ಅನಿಸುತ್ತದೆ ಅಂದಿರಿ. ಅದು ನನ್ನನ್ನು ಹೆಚ್ಚು ಕಾಡಿತು. ನಾನೂ ಬೆಳಿಗ್ಗೆ ಹಾಲು ಕಾಯಲು ಇಟ್ಟು, ಅದು ಉಕ್ಕುವವರೆಗೂ ಯಾರಾದರೂ ಏನಾದರೂ ಬರೆದಿದ್ದಾರಾ ಅಂತ ನೋಡುತ್ತಾ ನಿಂತವಳು. ಹಳೇ ಫಾಂಟಿನಲ್ಲೇ ಪಿಡಿಎಫ್ ಮಾಡಿ ಹಾಕಿದ್ದರೆ, ಕನ್ನಡದಲ್ಲಿ ಹುಡುಕುವವರಿಗೆ ನಿಮ್ಮ ಬರಹ ಸಿಗುವುದೇ ಕಷ್ಟ. ಮೌನಕ್ಕೆ ಅದೂ ಒಂದು ಕಾರಣ ಇರಬಹುದು. ನನಗೆ ಜೊತೆ ಸಿಕ್ಕಿದ್ದು ಬೇರೆಯವರ ಬರಹ ಪೂರ್ತಿ ಓದಿ, ಯಾವ ಸಾಲು ಹಿಡಿಸಿತು ಅಂತ ಅವರಿಗೆ ಬರೆದಾಗ. ಹಾಗೆ ಪರಿಚಯವಾದ ಮೂವರು ಇವತ್ತಿಗೂ ಫೋನ್ ಮಾಡುತ್ತಾರೆ.

ನಿಮ್ಮ ಅಜ್ಜಿಯ ಹಿತ್ತಲಿನ ಬರಹ ಮೊದಲು ಸರಿಮಾಡಿ ಕಳಿಸಿ, ನಾನು ಓದುತ್ತೇನೆ.