ಅಪ್ಪನ ಬೆತ್ತಕ್ಕೆ ಕಾನೂನಿನ ರಕ್ಷಣೆ ಎಲ್ಲಿವರೆಗೆ?

ಪ್ರಶ್ನೆ: ಅಣ್ಣನ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅವನಿಗೆ ಹದಿಮೂರು ವರ್ಷದ ಮಗ, ಒಂಬತ್ತರ ಮಗಳು. ಮೊಬೈಲ್ ಹಿಡಿದರೆಂದು ಇಬ್ಬರಿಗೂ ಬೆತ್ತದಲ್ಲಿ ಬಾರಿಸಿದ್ದಾನೆ. ಮಗನನ್ನು ಊಟ ಕೊಡದೆ ರಾತ್ರಿಯಿಡೀ ಕಟ್ಟಿಗೆ ಕೋಣೆಯಲ್ಲಿ ಕೂಡಿಹಾಕಿದ್ದ. ಕೇಳಿದರೆ 'ನನ್ನ ಮಕ್ಳಿಗೆ ನಾ ಬುದ್ಧಿ ಹೇಳಿರೆ ನಿಂಗೆಂತ' ಅಂತಾನೆ. ಇದು ಅಪರಾಧವೇ? ದೂರು ಕೊಟ್ಟರೆ ಮಕ್ಕಳನ್ನು ಆಶ್ರಮಕ್ಕೆ ಹಾಕುತ್ತಾರಾ?
– ಓದುಗರು, ಕುಮಟಾ

ಉತ್ತರ: ನಿಮ್ಮ ಅಣ್ಣ ನೆಚ್ಚಿಕೊಂಡಿರುವ 'ಬುದ್ಧಿ ಹೇಳುವ ಹಕ್ಕು' ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮಿನಲ್ಲಿದೆ (ಹಳೆಯ ಐಪಿಸಿಯಲ್ಲಿ 89). ಆದರೆ ಅದು ಹಕ್ಕಲ್ಲ, ವಿನಾಯಿತಿ. ಮಗುವಿನ ಒಳಿತಿಗಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ ಎನ್ನುತ್ತದೆ, ಅದೂ ಹನ್ನೆರಡು ತುಂಬದ ಮಗುವಿಗೆ ಮಾತ್ರ. ಅಂದರೆ ಮಗನ ವಿಷಯದಲ್ಲಿ ಈ ಕಲಮು ಅಣ್ಣನ ನೆರವಿಗೆ ಬರುವುದೇ ಇಲ್ಲ. ಮಗಳ ವಿಷಯದಲ್ಲೂ 'ಸದ್ಭಾವನೆ' ಎಂದರೆ ಕಾನೂನಿನ ಭಾಷೆಯಲ್ಲಿ ತಕ್ಕ ಎಚ್ಚರಿಕೆ. ಸಿಟ್ಟು ಇಳಿಯುವವರೆಗೆ ಬೀಸಿದ ಬೆತ್ತದಲ್ಲಿ ಎಚ್ಚರಿಕೆ ಎಲ್ಲಿತ್ತೆಂದು ನ್ಯಾಯಾಲಯ ಕೇಳುತ್ತದೆ. ಎಲುಬೋ ಹಲ್ಲೋ ಮುರಿದರೆ ಅದು ತೀವ್ರ ಗಾಯ. ಶಿಸ್ತಿನ ಹೆಸರಿನಲ್ಲಿ ಅದಕ್ಕೆ ವಿನಾಯಿತಿಯಿಲ್ಲ.

ಹಾಗೆಂದು ಬೆನ್ನಿಗೊಂದು ಗುದ್ದಿದ ಅಪ್ಪಂದಿರೆಲ್ಲ ಜೈಲಿಗೆ ಹೋಗುವುದಿಲ್ಲ. ಸಾಮಾನ್ಯ ಮನುಷ್ಯ ದೂರು ಹೇಳದಷ್ಟು ಚಿಕ್ಕ ನೋವು ಅಪರಾಧವಲ್ಲವೆಂದು 33ನೇ ಕಲಮು ಹೇಳುತ್ತದೆ. ಗೆರೆ ಬೀಳುವುದು ಮಗುವಿನ ವಯಸ್ಸು, ಬಳಸಿದ ವಸ್ತು, ಏಟು ಬಿದ್ದ ಜಾಗ, ಎಷ್ಟು ಹೊತ್ತು ನಡೆಯಿತು ಎಂಬುದರ ಮೇಲೆ. ಬಿಸಿ ಸಟ್ಟುಗದಿಂದ ಬರೆ ಹಾಕಿದರಂತೂ ಚರ್ಚೆಗೇ ಜಾಗವಿಲ್ಲ: ಕಾದ ವಸ್ತುವಿನಿಂದ ಗಾಯ ಮಾಡುವುದಕ್ಕೆ 118ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿದೆ.

ನಿಮ್ಮ ಪ್ರಕರಣದಲ್ಲಿ ಬೆತ್ತಕ್ಕಿಂತ ಆ ರಾತ್ರಿಯೇ ಹೆಚ್ಚು ಗಂಭೀರ. ಮಗುವನ್ನು ನೋಡಿಕೊಳ್ಳಬೇಕಾದವರೇ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆ ಕೊಟ್ಟರೆ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಇಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ.

ಈಗ ಮಾಡಬೇಕಾದದ್ದು. ಬಾಸುಂಡೆ ಮಾಸುವ ಮೊದಲು ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೋ ತೆಗೆಯಿರಿ. ಎರಡು ದಿನ ಬಿಟ್ಟು ಮತ್ತೆ ತೆಗೆಯಿರಿ, ಕೆಲವು ಗುರುತು ತಡವಾಗಿ ಏಳುತ್ತವೆ. ಬೆತ್ತದ ಏಟು ಎರಡು ಸಮಾನಾಂತರ ಕೆಂಪು ಗೆರೆಗಳಾಗಿ, ನಡುವೆ ಬಿಳಿಚಿಕೊಂಡು ಕಾಣುತ್ತದೆ. ಬಿದ್ದಾಗ ಮೊಣಕಾಲು, ಹಣೆಗೆ ಪೆಟ್ಟಾಗುವುದು ಸಹಜ. ಬೆನ್ನು, ಕುಂಡೆ, ಕಿವಿಯ ಮೇಲಿನ ಗುರುತಿಗೆ ವೈದ್ಯರು ಕಾರಣ ಕೇಳುತ್ತಾರೆ. ಅಲ್ಲಿ ಮಾನ ಹೋಗುತ್ತದೆಂದು 'ಪೇರಲೆ ಮರದಿಂದ ಬಿದ್ದ' ಎನ್ನಬೇಡಿ. ಆಸ್ಪತ್ರೆ ಚೀಟಿಯಲ್ಲಿ ಹಾಗೆ ದಾಖಲಾದರೆ ಮುಂದೆ ಅದೇ ಮಾತು ಪ್ರಕರಣವನ್ನು ಮುರಿಯುತ್ತದೆ. ಮಕ್ಕಳಿಗೆ ಉತ್ತರ ಹೇಳಿಕೊಡಲೂಬೇಡಿ. 'ಏನಾಯ್ತು?' ಎಂದಷ್ಟೇ ಕೇಳಿ, ಅವರ ಮಾತನ್ನೇ ಬರೆದಿಡಿ.

ಆ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗಕೂಡದು. ಮಗುವಿನ ಗುರುತು ಮಾಧ್ಯಮಗಳಲ್ಲಿ ಬಯಲಾಗದಂತೆ ಬಾಲನ್ಯಾಯ ಕಾಯ್ದೆಯ 74ನೇ ಕಲಮು ತಡೆಯುತ್ತದೆ, ಮೀರಿದವರಿಗೆ ಶಿಕ್ಷೆಯಿದೆ.

ದೂರಿಗೆ ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ. ಈಗಲೇ ಹೊಡೆಯುತ್ತಿದ್ದರೆ 112. ಮಗುವನ್ನು ಮನೆಯಿಂದ ಹೊರತಂದರೆ 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ, ಘಟ್ಟದ ಮೇಲಿನವರಿಗೆ ಇದು ನೆನಪಿರಲಿ.

ಆಶ್ರಮದ ಭಯ ಬೇಡ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಸಮಿತಿ ಅಪ್ಪನಿಗೆ ಆಪ್ತಸಮಾಲೋಚನೆ ಹೇಳಬಹುದು, ಮೇಲ್ವಿಚಾರಣೆಯಲ್ಲಿ ಮಕ್ಕಳನ್ನು ಅದೇ ಮನೆಯಲ್ಲಿ ಬಿಡಬಹುದು, ಇಲ್ಲವೇ ತಕ್ಕ ವ್ಯಕ್ತಿಯೆಂದು ಅತ್ತೆಯಾದ ನಿಮ್ಮ ಬಳಿಯೇ ಕೆಲಕಾಲ ಇರಿಸಬಹುದು. ಅದಕ್ಕೆ ನೀವು ಸಿದ್ಧರೇ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ವಕೀಲರು ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.