ಕಾಲೇಜಿಗೆ ಅಪ್ಪ ಅಮ್ಮ ಹೋಗಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳ ಕಾಲೇಜಿನ ಜೊತೆ ನಿಮ್ಮ ಒಡನಾಟ ಹೇಗಿದೆ, ಏನು ತೊಡಕು ಅಂತ ಬರೆಯಲು ಹೇಳಿದ್ದೆವು. ತುಂಬಾ ಪತ್ರ ಬಂದಿವೆ. ಸೀಟು, ಕೌನ್ಸೆಲಿಂಗ್ ಬಗ್ಗೆ ಕೇಳಿದವರಿಗೆ ಇನ್ನೊಮ್ಮೆ ಉತ್ತರಿಸೋಣ. ಈ ಸಲ ಮಕ್ಕಳು ಸೇರಿದ ಮೇಲಿನ ಮಾತು ಮಾತ್ರ.

ಪ್ರಶ್ನೆ: ಮೇಡಂ, ನನ್ನ ಮಗ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಪೋಷಕರ ಸಭೆಗೆ ಬನ್ನಿ ಅಂತ ಮೆಸೇಜ್ ಬಂದಿದೆ. ನಾನು ಏಳನೇ ಕ್ಲಾಸಿಗೇ ಬಿಟ್ಟವನು, ಆಟೋ ಓಡಿಸುತ್ತೇನೆ. ಬಾಡಿಗೆ ಬಿಟ್ಟು ಹೋಗಬೇಕಾ? ಹೋದರೂ ಏನು ಮಾತಾಡಲಿ? ಮಗ ಬೇರೆ ‘ನೀನು ಬರಬೇಡ’ ಅನ್ನುತ್ತಾನೆ.
– ಒಬ್ಬ ತಂದೆ, ಶಿರಾ

ಉತ್ತರ: ಹೋಗಿ. ಅರ್ಧ ದಿನದ ಬಾಡಿಗೆ ತಪ್ಪುತ್ತದೆ, ನಿಜ. ಮಗನ ಮಾತಿಗೆ ಬೇಜಾರಾಗಬೇಡಿ, ಆ ವಯಸ್ಸಿನಲ್ಲಿ ಡಿ.ಸಿ. ಮಗನೂ ಹಾಗೇ ಅನ್ನುತ್ತಾನೆ.

ಅಲ್ಲಿ ನೀವು ಅಕೌಂಟೆನ್ಸಿ ಬಗ್ಗೆ ಮಾತಾಡಬೇಕಿಲ್ಲ. ಅದು ಲೆಕ್ಚರರ್ ಕೆಲಸ. ನೀವು ಕೇಳಬೇಕಾದ್ದು ಬೇರೆ. ಮೊದಲನೆಯದು ಅಟೆಂಡೆನ್ಸ್. ಶೇ. 75 ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೆ ಮಗನ ಹಾಜರಿ ಕಡಿಮೆ ಇದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಾಗುವುದು ಪರೀಕ್ಷೆ ಫೀಸು ಕಟ್ಟುವ ಹೊತ್ತಿಗೆ, ಆಗ ಯಾರ ಕಾಲು ಹಿಡಿದರೂ ಏನೂ ಆಗುವುದಿಲ್ಲ. ಹಾಗಾಗಿ ‘ಶಾರ್ಟೇಜ್ ಪಟ್ಟಿ ಯಾವಾಗ ಹಾಕುತ್ತೀರಿ, ನಮಗೆ ತಿಂಗಳಿಗೊಮ್ಮೆ ತಿಳಿಸುತ್ತೀರಾ’ ಅಂತ ಕೇಳಿ. ನಿಮ್ಮ ಸರಿಯಾದ ಫೋನ್ ನಂಬರ್ ಅವರ ಹತ್ತಿರ ಇದೆಯಾ ನೋಡಿ. ತಮಾಷೆ ಅಲ್ಲ, ಅಪ್ಪನ ನಂಬರ್ ಅಂತ ಸ್ನೇಹಿತನ ನಂಬರ್ ಕೊಡುವ ಹುಡುಗರಿದ್ದಾರೆ.

ಎರಡನೆಯದು ವಿದ್ಯಾರ್ಥಿವೇತನ. ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಮಗನೇ ಆದರೂ, ಅದಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತರುವವರು ನೀವು. ಆದಾಯ ಪತ್ರದ ಅವಧಿ ಮುಗಿದಿದೆಯಾ ಇವತ್ತೇ ತೆಗೆದು ನೋಡಿ. ಮಗನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಅರ್ಜಿ ಮಂಜೂರಾಗಿಯೂ ದುಡ್ಡು ಬರದೆ ಒದ್ದಾಡುವವರಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ.

ಮೂರನೆಯದನ್ನು ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ. ಪಾಠ ಮಾಡುವವರು ಇದ್ದಾರಾ? ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳು ಬಹಳ ಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತವೆ. ಅವರ ನೇಮಕ ತಡವಾದ ವರ್ಷ ಕ್ಲಾಸು ಖಾಲಿ ಹೊಡೆಯುತ್ತದೆ, ಮಕ್ಕಳು ಕ್ಯಾಂಟೀನಿನಲ್ಲಿ ಕೂರುತ್ತಾರೆ, ನಾವು ಮಕ್ಕಳನ್ನೇ ಬೈಯುತ್ತೇವೆ. ಪ್ರಿನ್ಸಿಪಾಲ್ ಮೇಲೆ ರೇಗಿ ಪ್ರಯೋಜನವಿಲ್ಲ, ಲೆಕ್ಚರರ್ ಕೊಡಬೇಕಾದ್ದು ಇಲಾಖೆ. ಯಾವ ವಿಷಯಕ್ಕೆ ಯಾವ ತಾರೀಕಿನಿಂದ ಪಾಠ ನಡೆದಿಲ್ಲ ಅಂತ ಒಂದು ಪುಟದ ಅರ್ಜಿ ಬರೆಯಿರಿ. ಪೋಷಕರೆಲ್ಲ ಸಹಿ ಹಾಕಿ. ಒಂದು ಪ್ರತಿ ಪ್ರಿನ್ಸಿಪಾಲರಿಗೆ, ಒಂದು ಕಾಲೇಜು ಶಿಕ್ಷಣ ಇಲಾಖೆಗೆ, ಇನ್ನೊಂದು ಶಾಸಕರಿಗೆ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಆಯಾ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು, ಅದರಲ್ಲಿ ಪೋಷಕರು ಯಾರಿದ್ದಾರೆ ಅಂತಲೂ ಕೇಳಿ. ಕೇಳಿದ ಮೇಲೆ ಮುಂದಿನ ಸಭೆ ಬೇಗ ಸೇರುವುದುಂಟು!

ಬಸ್ಸಿನ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಒಂಬತ್ತೂವರೆಗೆ ಕ್ಲಾಸು, ಹಳ್ಳಿ ಬಸ್ಸು ಬರುವುದು ಹತ್ತಕ್ಕೆ ಅಂದರೆ ಮೊದಲ ಕ್ಲಾಸು ಇಡೀ ವರ್ಷ ಹೋದಂತೆಯೇ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಚಿಂತೆ ತಪ್ಪಿದೆ, ಹುಡುಗರಿಗೆ ಪಾಸ್ ಇದೆ, ಆದರೆ ಹೊತ್ತಿಗೆ ಸರಿಯಾಗಿ ಬಸ್ಸೇ ಇಲ್ಲದಿದ್ದರೆ ಎರಡರಿಂದಲೂ ಏನು ಬಂತು? ಯಾವ ಊರಿಂದ ಎಷ್ಟು ಮಕ್ಕಳು ಬರುತ್ತಾರೆ ಅಂತ ಕಾಲೇಜಿನಿಂದ ಪಟ್ಟಿ ಪಡೆದು ಡಿಪೋ ಮ್ಯಾನೇಜರ್ ಹತ್ತಿರ ಹೋಗಿ. ಬರಿಗೈಲಿ ಹೋದರೆ ‘ನೋಡೋಣ’ ಅನ್ನುತ್ತಾರೆ. ಪಟ್ಟಿ ಮುಂದಿಟ್ಟರೆ ಬಸ್ಸಿನ ಸಮಯ ಹಿಂದೆ ಮುಂದೆ ಮಾಡುವ ಮಾತಾದರೂ ಶುರುವಾಗುತ್ತದೆ. ಯಾವ ರೂಟು ಯಾವಾಗ ತುಂಬುತ್ತದೆ ಅನ್ನುವುದು ಲೆಕ್ಚರರಿಗಿಂತ ಆಟೋ ಓಡಿಸುವ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ?

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ನಾನು ಅವಳ ಪ್ರಾಕ್ಟರ್‌ಗೆ (ಅವಳ ಹೊಣೆ ಹೊತ್ತ ಲೆಕ್ಚರರ್) ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತೇನೆ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲೂ ಇದ್ದೇನೆ. ಇದು ಗೊತ್ತಾಗಿ ಮಗಳು ಮಾತು ಬಿಟ್ಟಿದ್ದಾಳೆ. ಕಾಳಜಿ ಮಾಡುವುದು ತಪ್ಪಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಾಳಜಿ ತಪ್ಪಲ್ಲ, ವಾರಕ್ಕೊಮ್ಮೆ ಫೋನ್ ಜಾಸ್ತಿ ಆಯಿತು. ಆ ಪ್ರಾಕ್ಟರ್ ಮೇಲೆ ಇನ್ನೂ ಎಷ್ಟೋ ಮಕ್ಕಳ ಹೊಣೆ ಇರುತ್ತದೆ. ಎಲ್ಲರ ಅಮ್ಮಂದಿರೂ ಹೀಗೇ ಫೋನ್ ಮಾಡಿದರೆ ಅವರು ಪಾಠ ಯಾವಾಗ ಮಾಡಬೇಕು? ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಪರೀಕ್ಷೆ, ಮುಗಿದ ಮೇಲೆ ಒಮ್ಮೆ ಮಾತಾಡಿ, ಸಾಕು. ಅದನ್ನೂ ಮಗಳಿಗೆ ಹೇಳಿಯೇ ಮಾಡಿ. ಅವಳಿಗೆ ಸಿಟ್ಟು ಬಂದಿರುವುದು ನೀವು ವಿಚಾರಿಸಿದ್ದಕ್ಕಲ್ಲ, ಬೆನ್ನ ಹಿಂದೆ ವಿಚಾರಿಸಿದ್ದಕ್ಕೆ.

ವಾಟ್ಸಾಪ್ ಗ್ರೂಪಿನಲ್ಲಿರಿ, ಆದರೆ ಅಲ್ಲಿ ನಿಮ್ಮ ಮಗಳ ಮಾರ್ಕ್ಸ್ ಹಾಕಬೇಡಿ, ಬೇರೆಯವರ ಮಗಳ ಬಗ್ಗೆಯೂ ಮಾತು ಬೇಡ. ಕಾಲೇಜು ಬಸ್ಸು, ಹಾಸ್ಟೆಲ್ ಊಟ, ಲ್ಯಾಬು ರಿಪೇರಿ, ಇಂಥದ್ದಕ್ಕೆ ಆ ಗ್ರೂಪು ಬಹಳ ಒಳ್ಳೆಯದು. ಗುಡ್ ಮಾರ್ನಿಂಗ್ ಚಿತ್ರಗಳಿಗೆ ನನ್ನಲ್ಲಿ ಮದ್ದಿಲ್ಲ.

ಪ್ರಶ್ನೆ: ನಮ್ಮ ಹುಡುಗನ ಕಾಲೇಜಿಗೆ ನ್ಯಾಕ್ ತಂಡ ಬರುತ್ತದಂತೆ. ‘ಪೋಷಕರಾಗಿ ನೀವು ಬನ್ನಿ, ಎಲ್ಲ ಚೆನ್ನಾಗಿದೆ ಅಂತ ಹೇಳಿ’ ಎಂದು ಆಫೀಸಿನಿಂದ ಫೋನ್. ಎಲ್ಲವೂ ಚೆನ್ನಾಗಿಲ್ಲ. ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಎಷ್ಟೋ ಪೋಷಕರಿಗೆ ಕಾಲೇಜಿನಿಂದ ಮರ್ಯಾದೆಯ ಫೋನ್ ಬರುವುದೇ ಆಗ! ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ. 1994ರಲ್ಲಿ ಶುರುವಾಯಿತು, ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಭೇಟಿಗೆ ಬರುವ ತಂಡ ಪೋಷಕರನ್ನೂ ಹಳೆ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಮಾತಾಡಿಸುವ ರೂಢಿ ಇದೆ.

ಸುಳ್ಳು ಹೇಳಬೇಡಿ. ಹಾಗಂತ ಎಲ್ಲ ಸಿಟ್ಟನ್ನೂ ಅವತ್ತೇ ಕಾರಲೂ ಬೇಡಿ, ಗ್ರೇಡ್ ಕಡಿಮೆಯಾದರೆ ಅದು ನಿಮ್ಮ ಹುಡುಗನ ಕಾಲೇಜಿನ ಹೆಸರಿಗೂ ಅಂಟುತ್ತದೆ. ತಂಡ ಬರುವ ಮುಂಚೆಯೇ ಹೋಗಿ. ಕಾಲೇಜಿನಲ್ಲಿ ಐಕ್ಯುಎಸಿ ಅಂತ ಒಂದು ಸಮಿತಿ ಇರುತ್ತದೆ, ಗುಣಮಟ್ಟದ ಕೆಲಸ ನೋಡಿಕೊಳ್ಳುವುದು ಅದೇ. ಅದರ ಸಂಚಾಲಕರಿಗೆ ಸಿಕ್ಕಿ, ‘ಲೈಬ್ರರಿ ನಾಲ್ಕಕ್ಕೇ ಮುಚ್ಚುತ್ತೀರಿ, ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ, ಇದನ್ನು ಸರಿಮಾಡಿ, ನಾನು ಬಂದು ಸರಿ ಆಗಿದೆ ಅಂತಲೇ ಹೇಳುತ್ತೇನೆ’ ಅನ್ನಿ. ಇದನ್ನು ಬ್ಲ್ಯಾಕ್‌ಮೇಲ್ ಅಂತ ಯಾರಾದರೂ ಅಂದರೆ ಅನ್ನಲಿ. ಸುಣ್ಣ ಬಣ್ಣಕ್ಕೆ ದುಡ್ಡು ಬಿಚ್ಚುವ ಹೊತ್ತಿನಲ್ಲಿ ನಲ್ಲಿಯೂ ರಿಪೇರಿಯಾದರೆ ಒಳ್ಳೆಯದೇ ತಾನೆ.

ಪ್ರಶ್ನೆ: ಖಾಸಗಿ ಕಾಲೇಜಿನವರು ಕಟ್ಟಡ ನಿಧಿಗೆ ‘ಸ್ವಇಚ್ಛೆಯಿಂದ’ ಹಣ ಕೊಡಿ ಅನ್ನುತ್ತಿದ್ದಾರೆ. ಕೊಡದಿದ್ದರೆ ಮಗಳಿಗೆ ತೊಂದರೆ ಆಗುತ್ತದಾ ಅಂತ ಭಯ.
– ಓದುಗರು, ಬೆಂಗಳೂರು

ಉತ್ತರ: ಕೊಡಲು ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಸೀಟಿಗಾಗಿ ಗೊತ್ತಾದ ಶುಲ್ಕದ ಮೇಲೆ ಹಣ ಕೀಳುವುದನ್ನು ತಡೆಯಲು ಕರ್ನಾಟಕದಲ್ಲಿ 1984ರಿಂದ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾನೂನೇ ಇದೆ. ಮನಸ್ಸಿದ್ದು ಕೊಡುವುದಾದರೆ ಚೆಕ್ಕು ಇಲ್ಲವೇ ಆನ್‌ಲೈನ್, ಟ್ರಸ್ಟಿನ ಹೆಸರಿನ ರಸೀದಿ, ಇಷ್ಟೇ ನಿಯಮ. ನಗದು ಬೇಡವೇ ಬೇಡ. ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಆಸೆ ತೋರಿಸಿದರೆ, ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಆ ಲಾಭ, 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದೂ ಇಲ್ಲ.

ದುಡ್ಡಿಗಿಂತ ಕಾಲೇಜಿಗೆ ಹೆಚ್ಚು ಬೇಕಾದ್ದು ಬೇರೆ ಇದೆ. ಈಗ ಇಂಟರ್ನ್‌ಶಿಪ್ ಹುಡುಕಿಕೊಂಡು ಮಕ್ಕಳು ಬೀದಿ ಬೀದಿ ಅಲೆಯುತ್ತಾರೆ, ಸಿಗದೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವುದೂ ನಡೆಯುತ್ತದೆ. ನಿಮ್ಮದು ಆಡಿಟ್ ಆಫೀಸೋ, ಪ್ರಿಂಟಿಂಗ್ ಪ್ರೆಸ್ಸೋ, ಗಾರ್ಮೆಂಟ್ಸೋ, ಏನಿದ್ದರೂ ಸರಿ, ಇಬ್ಬರು ಮಕ್ಕಳನ್ನು ರಜೆಯಲ್ಲಿ ಕೂರಿಸಿಕೊಂಡು ನಿಜವಾದ ಕೆಲಸ ಕಲಿಸುತ್ತೇನೆ ಅಂತ ಪ್ಲೇಸ್‌ಮೆಂಟ್ ಆಫೀಸರ್‌ಗೆ ಬರೆದುಕೊಡಿ. ನಿಮ್ಮ ಮಗಳನ್ನು ಬಿಟ್ಟು ಬೇರೆಯವರ ಮಕ್ಕಳನ್ನು ತೆಗೆದುಕೊಂಡರೆ ಇನ್ನೂ ಚೆನ್ನ.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಲೋನ್ ನಮ್ಮ ಮನೆ ಮೇಲೆ. ಮಾರ್ಕ್ಸ್ ಹೇಗಿದೆ ಅಂತ ಯೂನಿವರ್ಸಿಟಿಗೆ ಮೇಲ್ ಮಾಡಿದರೆ ‘ಹೇಳಲಾಗದು’ ಅಂತ ಉತ್ತರ. ಇದೆಂಥ ನ್ಯಾಯ?
– ನಿವೃತ್ತ ನೌಕರರು, ಮೈಸೂರು

ಉತ್ತರ: ಅಲ್ಲಿನ ಕಾನೂನು ಹಾಗೇ ಇದೆ. ಫೆರ್ಪಾ ಅಂತ 1974ರ ಕಾಯ್ದೆ. ವಿದ್ಯಾರ್ಥಿಗೆ 18 ತುಂಬಿದರೆ ಅಥವಾ ಅವನು ಕಾಲೇಜು ಮೆಟ್ಟಿಲು ಹತ್ತಿದರೆ ಅವನ ದಾಖಲೆ ಅವನದೇ, ಫೀಸು ಯಾರು ಕಟ್ಟಿದರು ಅಂತ ನೋಡುವುದಿಲ್ಲ. ಮಗ ಬರೆದು ಒಪ್ಪಿಗೆ ಕೊಟ್ಟರೆ ನಿಮಗೆ ತಿಳಿಸಬಹುದು. ಆಫೀಸಿಗೆ ಮತ್ತೆ ಮೇಲ್ ಮಾಡುವ ಬದಲು ಮಗನಿಗೇ ಹೇಳಿ: ‘ನೋಡಪ್ಪಾ, ಮನೆ ಅಡ ಇಟ್ಟಿದ್ದೇನೆ, ಸೆಮಿಸ್ಟರ್ ಮುಗಿದಾಗ ಒಮ್ಮೆ ತೋರಿಸು.’ ಇದು ನ್ಯಾಯವಾದ ಮಾತು. ಆದರೆ ವಾರ ವಾರ ಕೇಳಬೇಡಿ. ಅಲ್ಲಿ ಅಡುಗೆ, ಪಾತ್ರೆ, ಓದು ಎಲ್ಲಾ ಅವನೊಬ್ಬನೇ ಮಾಡಿಕೊಳ್ಳಬೇಕು.

ಪ್ರಶ್ನೆ: ಹಾಸ್ಟೆಲ್ ಸೇರಿದ ಮಗ ಫೋನಿನಲ್ಲಿ ಮಾತೇ ಆಡುವುದಿಲ್ಲ. ಸೀನಿಯರ್‌ಗಳ ಕಾಟ ಇರಬಹುದು ಅಂತ ಅನುಮಾನ. ಕೇಳಿದರೆ ‘ಏನಿಲ್ಲ’ ಅನ್ನುತ್ತಾನೆ.
– ಒಬ್ಬ ತಾಯಿ, ಹಾಸನ

ಉತ್ತರ: ಈ ವಾರವೇ ಹೋಗಿ ನೋಡಿ ಬನ್ನಿ. ಹಬ್ಬದ ತನಕ ಕಾಯಬೇಡಿ. ಹಾಸ್ಟೆಲ್ ಒಳಗೆ ಕೂರಿಸಿಕೊಂಡು ಕೇಳಬೇಡಿ, ಹೊರಗೆ ಊಟಕ್ಕೆ ಕರೆದುಕೊಂಡು ಹೋಗಿ. ನಿದ್ದೆ ಮಾಡುತ್ತಾನಾ, ತೂಕ ಇಳಿದಿದ್ದಾನಾ, ಕೈ ಮೈ ಮೇಲೆ ಗಾಯ ಇದೆಯಾ, ಫೋನ್ ಬಂದಾಗ ಬೆಚ್ಚುತ್ತಾನಾ, ಸುಮ್ನೆ ಗಮನಿಸಿ.

ರ‍್ಯಾಗಿಂಗ್ ಅಂತ ಗೊತ್ತಾದರೆ ವಾರ್ಡನ್‌ಗೆ ಬಾಯಲ್ಲಿ ಹೇಳಿ ಬರಬೇಡಿ. ಪ್ರಿನ್ಸಿಪಾಲರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಸೇರುವಾಗ ನಿಮ್ಮಿಂದಲೂ ಮಗನಿಂದಲೂ ರ‍್ಯಾಗಿಂಗ್ ಮುಚ್ಚಳಿಕೆ ತೆಗೆದುಕೊಂಡಿರುತ್ತಾರಲ್ಲ, ಅದು ಯುಜಿಸಿಯ 2009ರ ನಿಯಮ. ಅದೇ ನಿಯಮ ಕಾಲೇಜಿನ ಮೇಲೂ ಹೊಣೆ ಹೊರಿಸುತ್ತದೆ: ರ‍್ಯಾಗಿಂಗ್ ವಿರೋಧಿ ಸಮಿತಿ ಇರಬೇಕು, ಅಪರಾಧ ಅಂತ ಕಂಡರೆ ಪೊಲೀಸರಿಗೆ ದೂರು ಹೋಗಬೇಕು. ಕಾಲೇಜು ‘ಹೊಂದಿಕೊಳ್ಳಲಿ ಬಿಡಿ’ ಅಂದರೆ 1800-180-5522ಕ್ಕೆ ಫೋನ್ ಮಾಡಿ, ಇದು ರಾಷ್ಟ್ರೀಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ. ಕಾಟ ಯಾವುದೂ ಇಲ್ಲ, ಆದರೂ ಹುಡುಗ ಮಂಕಾಗಿದ್ದಾನೆ ಅಂದರೆ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಮೊದಲು ನೀವೇ ಮಾತಾಡಿ ಸಲಹೆ ಕೇಳಬಹುದು. ಸಾಯುವ ಮಾತೇನಾದರೂ ಆಡಿದರೆ ಮಾತ್ರ ಒಂಟಿ ಬಿಡಬೇಡಿ, ಮನೆಗೆ ಕರೆತಂದು ಡಾಕ್ಟರ್‌ಗೆ ತೋರಿಸಿ. ಅಟೆಂಡೆನ್ಸ್ ಆಮೇಲೆ ನೋಡಿಕೊಂಡರಾಯಿತು.

ಪ್ರಶ್ನೆ: ಮಗಳ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪು ಈ ಸಲ ನಮ್ಮ ಊರಿಗೇ ಬರುತ್ತಿದೆ. ನಾವು ಏನು ಸಹಾಯ ಮಾಡಬಹುದು?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಏಳು ದಿನದ ಕ್ಯಾಂಪು, ಅಡುಗೆಗೆ ಅಕ್ಕಿ ತರಕಾರಿ ಊರವರು ಹಂಚಿಕೊಂಡು ಕೊಟ್ಟರೆ ಕಾಲೇಜಿಗೆ ದೊಡ್ಡ ಭಾರ ಇಳಿಯುತ್ತದೆ. ಕೆಲಸವನ್ನೂ ನೀವೇ ಸೂಚಿಸಿ. ಇಲ್ಲದಿದ್ದರೆ ಹೋದ ವರ್ಷ ಗುಡಿಸಿದ ರಸ್ತೆಯನ್ನೇ ಮತ್ತೆ ಗುಡಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕೆರೆ ಕಾಲುವೆ ಹೂಳು, ಶಾಲೆ ಕಾಂಪೌಂಡು, ಹಿರಿಯರ ಪಿಂಚಣಿ ಅರ್ಜಿ ತುಂಬಿಸುವುದು, ನಿಮ್ಮ ಊರಿಗೆ ಏನು ಬೇಕು ಅಂತ ಪಂಚಾಯಿತಿಯಲ್ಲಿ ಕೂತು ಪಟ್ಟಿ ಮಾಡಿ. ಹಾಗೇ ಕ್ಯಾಂಪಿಗೆ ಮುಂಚೆ ಹೋಗಿ, ಹುಡುಗಿಯರು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ರಾತ್ರಿ ಶೌಚಾಲಯದ ದಾರಿಗೆ ಲೈಟ್ ಇದೆಯಾ ನೋಡಿ. ಇಲ್ಲದಿದ್ದರೆ ಅವತ್ತೇ ಹಾಕಿಸಿಬಿಡಿ.